ದೋಣಿ ನಿಲ್ಲದಿದ್ದರೆ ದೂರು ಉಪಗ್ರಹದ ಮೇಲೆ ಬೇಡ

ಮಾನ್ಯ ಸಂಪಾದಕರೇ,

ಬಾಸ್ ಮೀನು ಹಿಡಿಯುವವರಿಗೆಂದು ಬಂದಿರುವ ಜಿಪಿಎಸ್ ಟ್ರೋಲಿಂಗ್ ಮೋಟಾರಿನ (ದೋಣಿಯ ಮೂತಿಗೆ ಹಾಕಿ ನಿಧಾನವಾಗಿ ಸಾಗಲು ಬಳಸುವ ಬ್ಯಾಟರಿ ಮೋಟಾರಿನ) ಬಗ್ಗೆ ನಿಮ್ಮ ಪತ್ರಿಕೆ ಪ್ರಕಟಿಸಿದ ಪರಿಚಯ ಲೇಖನ ಚೆನ್ನಾಗಿತ್ತು. ‘ಲಂಗರು’ ಗುಂಡಿ ಒತ್ತಿದರೆ ಗಾಳಿಯಲ್ಲೂ ದೋಣಿ ನಿಂತಲ್ಲೇ ನಿಲ್ಲುತ್ತದೆ, ಲಂಗರು ಇಳಿಸುವ ಸದ್ದಿಲ್ಲ, ತಳದ ಕೆಸರು ಕದಡುವುದಿಲ್ಲ ಎಂದು ಬರೆದದ್ದು ಬಹುಮಟ್ಟಿಗೆ ನಿಜ. ಆದರೆ ಇದೇ ಮೋಟಾರು ಕೊಂಡವರಲ್ಲಿ ಹಲವರು ಮೊದಲ ವಾರದಲ್ಲೇ ‘ಜಿಪಿಎಸ್ ಸರಿಯಿಲ್ಲ’ ಎಂದು ಬೇಸರಪಡುವುದೇಕೆ ಎಂಬುದು ಲೇಖನದಲ್ಲಿ ಬರಲಿಲ್ಲ. ಹೆಚ್ಚಿನ ಸಲ ತಪ್ಪು ಜಿಪಿಎಸ್‌ನದಲ್ಲ. ಒಂದೋ ದಿಕ್ಸೂಚಿಯದು, ಇಲ್ಲವೇ ಬ್ಯಾಟರಿಯಿಂದ ಮೋಟಾರಿಗೆ ಬರುವ ತಂತಿಯದು. ಇವೆರಡನ್ನೂ ಬಿಟ್ಟು ಮೋಟಾರನ್ನು ಅಳೆದರೆ ಒಳ್ಳೆಯ ಯಂತ್ರಕ್ಕೂ ಕೆಟ್ಟ ಹೆಸರು ಬರುತ್ತದೆ.

ಟ್ರೋಲಿಂಗ್ ಮೋಟಾರು ಹೊಸದೇನಲ್ಲ. ಮಿನ್ ಕೋಟಾ ಕಂಪನಿಯ ಮೋಟಾರು ಅಮೆರಿಕದ ಉತ್ತರ ಡಕೋಟಾದ ಫಾರ್ಗೋದಲ್ಲಿ ಹುಟ್ಟಿದ್ದು 1934ರಲ್ಲಿ. ಹೊಸದು ಅದರ ತಲೆಯೊಳಗೆ ನಡೆಯುವ ಲೆಕ್ಕಾಚಾರ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಜಾಗ ತೋರಿಸುವಾಗ 100 ಮೀಟರಿನಷ್ಟು ತಪ್ಪಾಗುತ್ತಿತ್ತು. ಅಂಥ ಸಂಕೇತ ನಂಬಿ ದೋಣಿ ನಿಲ್ಲಿಸುವ ಮಾತೇ ಇರಲಿಲ್ಲ. ಈಗ ಆಕಾಶ ತೆರೆದಿದ್ದರೆ ಕೆಲವೇ ಮೀಟರಿನೊಳಗೆ ಜಾಗ ಸಿಗುತ್ತದೆ, ಬಾಸ್ ಗಾಳಕ್ಕೆ ಅಷ್ಟು ಸಾಕು. ಮುಳುಗಿದ ಮರದ ಬೊಡ್ಡೆಗೋ, ಜೊಂಡಿನ ಅಂಚಿಗೋ, ತಳ ಥಟ್ಟನೆ ಆಳಕ್ಕಿಳಿಯುವ ಕಡೆಗೋ ಒಂದೇ ದೂರದಿಂದ ಹತ್ತಾರು ಸಲ ಗಾಳ ಎಸೆಯಲು ಎರಡೂ ಕೈ ಖಾಲಿ ಸಿಗುವುದು ಸಣ್ಣ ಅನುಕೂಲವಲ್ಲ.

ಈಗ ದಿಕ್ಸೂಚಿಯ ವಿಷಯ. ಜಿಪಿಎಸ್ ಹೇಳುವುದು ‘ಗುರುತಿನಿಂದ ಎರಡು ಮೀಟರ್ ಪಶ್ಚಿಮಕ್ಕೆ ಸರಿದಿದ್ದೀಯ’ ಎಂದಷ್ಟೇ. ಪೂರ್ವ ಯಾವ ಕಡೆಗಿದೆ ಎಂದು ನಿಂತ ದೋಣಿಗೆ ಅದು ಹೇಳಲಾರದು. ಅದನ್ನು ಹೇಳುವುದು ಮೋಟಾರಿನ ತಲೆಯಲ್ಲೋ, ದೋಣಿಯ ಮುಂಭಾಗದಲ್ಲೋ ಕೂರಿಸಿದ ಎಲೆಕ್ಟ್ರಾನಿಕ್ ದಿಕ್ಸೂಚಿ. ಅದು 30 ಡಿಗ್ರಿ ತಪ್ಪು ತೋರಿಸಿದರೆ ದೋಣಿ ಗುರುತಿನ ಕಡೆಗೆ ನೇರ ಹೋಗದೆ ಬಾಗಿ ಬಾಗಿ ಸೇರುತ್ತದೆ. ತಪ್ಪು 90 ಡಿಗ್ರಿಯ ಹತ್ತಿರ ಹೋದರೆ ಗುರುತನ್ನು ನಡುವಿಟ್ಟುಕೊಂಡು ಗಾಣದೆತ್ತಿನಂತೆ ಸುತ್ತುತ್ತದೆ. ಅದಕ್ಕಿಂತ ಹೆಚ್ಚಾದರೆ ಗುರುತಿನಿಂದ ದೂರ ಓಡುತ್ತದೆ. ದೋಣಿ ಸುತ್ತುತ್ತಿದೆ ಎಂದರೆ ಉಪಗ್ರಹ ಕೈಕೊಟ್ಟಿದೆ ಎಂದು ತಿಳಿಯುವವರೇ ಹೆಚ್ಚು. ಸುತ್ತಾಟ ದಿಕ್ಸೂಚಿ ಕೆಟ್ಟಿರುವುದರ ಲಕ್ಷಣ.

ದಿಕ್ಸೂಚಿ ಕೆಡಿಸುವ ವಸ್ತುಗಳು ದೋಣಿಯ ಮುಂಭಾಗದಲ್ಲೇ ಬಿದ್ದಿರುತ್ತವೆ: ಅಯಸ್ಕಾಂತವಿರುವ ಸ್ಪೀಕರು, ಕಬ್ಬಿಣದ ಸಲಕರಣೆ ಪೆಟ್ಟಿಗೆ, ಇಕ್ಕಳ ಅಂಟಿಸಿಡುವ ಅಯಸ್ಕಾಂತದ ಪಟ್ಟಿ, ಮೊಬೈಲು. ಹೆಚ್ಚು ಕರೆಂಟು ಹರಿಯುವ ತಂತಿಯೂ ತನ್ನ ಸುತ್ತ ಕಾಂತಕ್ಷೇತ್ರ ಎಬ್ಬಿಸುತ್ತದೆ. ಆದ್ದರಿಂದ ದಿಕ್ಸೂಚಿಯ ಬಿಲ್ಲೆ ಪ್ರತ್ಯೇಕವಾಗಿದ್ದರೆ ಅದನ್ನು ಮೋಟಾರಿನ ತಂತಿಯ ಪಕ್ಕದಲ್ಲಿ ಕೂರಿಸಬಾರದು. ಅದರ ಮೇಲಿನ ಬಾಣದ ಗುರುತು ದೋಣಿಯ ನಡುಗೆರೆಗೆ ಸಮಾನಾಂತರವಾಗಿ ಮುಂದಕ್ಕೆ ನೋಡುತ್ತಿರಬೇಕು. ಕಣ್ಣಳತೆ ಸಾಲದು, ನೂಲು ಎಳೆದೇ ಕೂರಿಸಬೇಕು. ಆಮೇಲೆ ದಿಕ್ಸೂಚಿಯ ಹೊಂದಾಣಿಕೆ (ಕ್ಯಾಲಿಬ್ರೇಶನ್). ಇದನ್ನು ಟ್ರೇಲರಿನ ಮೇಲೆ ಮಾಡಿದರೆ ಪ್ರಯೋಜನವಿಲ್ಲ, ಟ್ರೇಲರಿನ ಉಕ್ಕೇ ದಿಕ್ಸೂಚಿಯನ್ನು ಎಳೆದಿರುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ, ತೆರೆದ ನೀರಿನಲ್ಲಿ, ದಿನವೂ ಒಯ್ಯುವ ಸಾಮಾನೆಲ್ಲ ತನ್ನ ಜಾಗದಲ್ಲಿರುವಾಗ, ಕೈಪಿಡಿ ಹೇಳಿದಷ್ಟು ಸುತ್ತು ದೋಣಿಯನ್ನು ನಿಧಾನವಾಗಿ ತಿರುಗಿಸಿ ಮಾಡಬೇಕು. ಮುಂದೆ ಹೊಸ ಸ್ಪೀಕರು ಹಾಕಿದರೂ, ಬ್ಯಾಟರಿಯ ಜಾಗ ಬದಲಿಸಿದರೂ ಮತ್ತೆ ಮಾಡಬೇಕು.

ಎಲ್ಲವೂ ಸರಿಯಿದ್ದರೂ ಹೊಸಬರನ್ನು ಗಾಬರಿಗೊಳಿಸುವ ನಡವಳಿಕೆಯೊಂದಿದೆ. ಎಲೆಯೂ ಅಲುಗದ ದಿನ ಮೋಟಾರಿನ ತಲೆ ಆಚೀಚೆ ತಿರುಗುತ್ತಾ, ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಾ ಚಡಪಡಿಸುತ್ತದೆ. ಸಣ್ಣ ಗಾಳಿ ಒಂದೇ ದಿಕ್ಕಿನಿಂದ ಬೀಸಿದರೆ ಶಾಂತವಾಗಿ ಕೆಲಸ ಮಾಡುತ್ತದೆ. ಕಾರಣ ಸರಳ. ಗಾಳಿಯಿದ್ದಾಗ ಅದಕ್ಕೆದುರಾಗಿ ಒಂದೇ ಸಮನೆ ತಳ್ಳಿದರೆ ಮುಗಿಯಿತು. ಗಾಳಿಯಿಲ್ಲದಾಗ ಜಿಪಿಎಸ್ ತೋರಿಸುವ ಜಾಗ ತಾನಾಗಿಯೇ ಒಂದೆರಡು ಮೀಟರ್ ಅತ್ತಿತ್ತ ಓಲಾಡುತ್ತದೆ, ಮೋಟಾರು ಆ ಓಲಾಟವನ್ನೇ ಬೆನ್ನಟ್ಟುತ್ತದೆ. ಅಂಥ ದಿನ ಲಂಗರು ಗುಂಡಿ ಬೇಕಾಗಿಯೇ ಇಲ್ಲ. ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ, ಮುಖ್ಯವಾಗಿ ಬಾಸ್ ಗೂಡು ಕಾಯುವ ಕಾಲದಲ್ಲಿ, ಅದನ್ನು ಬಳಸದಿರುವುದೇ ಮೇಲು. ಒಂದೇ ಸಮನೆ ಗುಂಯ್‌ಗುಡುವ ಸದ್ದಿಗಿಂತ ನಿಂತು ನಿಂತು ಏಳುವ ಸದ್ದಿಗೆ ಮೀನು ಬೇಗ ಬೆದರುತ್ತದೆ. ಅಲ್ಲಿ ತಳಕ್ಕೆ ಊರುವ ಕೋಲು ಇದಕ್ಕಿಂತ ವಾಸಿ.

ಗುಂಡಿ ಒತ್ತುವುದಕ್ಕೂ ಒಂದು ಕ್ರಮವಿದೆ. ದೋಣಿ ಓಡುತ್ತಿರುವಾಗಲೇ ಒತ್ತಿದರೆ ಅದು ಗುರುತು ದಾಟಿ ಮುಂದೆ ಹೋಗುತ್ತದೆ, ಮೋಟಾರು ಅಬ್ಬರದಿಂದ ಹಿಂದಕ್ಕೆ ಎಳೆಯುತ್ತದೆ, ಮೀನು ಅಷ್ಟರಲ್ಲಿ ಜಾಗ ಖಾಲಿ ಮಾಡಿರುತ್ತದೆ. ಗಾಳಿ ಬೀಸಿ ಹೋಗುವ ಕಡೆಯಿಂದ, ಅಂದರೆ ಗಾಳಿಗೆ ಮುಖ ಕೊಟ್ಟು ಬನ್ನಿ. ವೇಗ ಇಳಿಸಿ, ದೋಣಿ ಪೂರ್ತಿ ನಿಂತ ಮೇಲೆ ಒತ್ತಿ. ನಿಲ್ಲುವ ಜಾಗ ಮೀನಿನ ನೆತ್ತಿಯ ಮೇಲಿರಬಾರದು, ಒಂದು ಎಸೆತದಷ್ಟು ದೂರವಿರಬೇಕು. ಜಾಗ ಸ್ವಲ್ಪ ತಪ್ಪಿತೆಂದು ಬಿಟ್ಟು ಮತ್ತೆ ಒತ್ತಬೇಕಿಲ್ಲ. ಹಲವು ಮಾದರಿಗಳಲ್ಲಿ ಗುರುತನ್ನೇ ಸುಮಾರು ಒಂದೂವರೆ ಮೀಟರಿನಂತೆ ನಾಲ್ಕು ದಿಕ್ಕಿಗೂ ಸರಿಸುವ ಗುಂಡಿಯಿದೆ.

ಇನ್ನೊಂದು ಮಾತು ಲೇಖನದಲ್ಲಿ ತಪ್ಪಾಗಿ ಬಂದಿದೆ ಎನಿಸಿತು: ‘ದೋಣಿ ಕದಲದೆ ನಿಲ್ಲುತ್ತದೆ’ ಎಂಬುದು. ನಿಲ್ಲುವುದು ದೋಣಿಯ ಮೂತಿ ಮಾತ್ರ. ಮೋಟಾರು ಅಲ್ಲಿದೆ, ಜಿಪಿಎಸ್ ಅಲ್ಲಿದೆ. ಹಿಂಭಾಗ ಗಾಳಿ ತಳ್ಳಿದತ್ತ ಬಾಗಿಲಿನಂತೆ ಬೀಸುತ್ತಿರುತ್ತದೆ. ಮುಂದೆ ನಿಂತವರಿಗೆ ಎಸೆತದ ದೂರ ಅಷ್ಟಾಗಿ ಬದಲಾಗದು, ಹಿಂದೆ ನಿಂತವರಿಗೆ ಪ್ರತಿ ಸಲವೂ ಬದಲಾಗುತ್ತದೆ. ಮೂತಿಯಲ್ಲಿ ಒಂದೇ ಮೋಟಾರು ಇರುವವರೆಗೆ ಇದಕ್ಕೆ ಪರಿಹಾರವಿಲ್ಲ, ಗಾಳಿಗೆ ಮುಖ ಮಾಡಿ ನಿಂತರೆ ತೂಗಾಟ ಕಡಿಮೆಯಾಗುತ್ತದೆ ಅಷ್ಟೇ. ಹಾಗೆಯೇ ತಾನಾಗಿ ಸಾಗುವ ಎರಡು ವಿಧಾನಗಳನ್ನು ಒಂದೇ ಎಂದುಕೊಳ್ಳಬಾರದು. ಒಂದು, ದೋಣಿಯ ಮುಖವನ್ನು ದಿಕ್ಸೂಚಿಯ ಒಂದೇ ದಿಕ್ಕಿಗೆ ಹಿಡಿಯುತ್ತದೆ. ಅಡ್ಡಗಾಳಿ ಬಂದರೆ ದೋಣಿ ಪಕ್ಕಕ್ಕೆ ಜಾರುತ್ತಲೇ ಹೋಗುತ್ತದೆ. ಇನ್ನೊಂದು, ನೆಲದ ಮೇಲಿನ ಗೆರೆಯನ್ನು ಹಿಡಿಯುತ್ತದೆ. ಮುಖ ಓರೆಯಾದರೂ ದಾರಿ ನೇರ. ಜೊಂಡಿನ ಅಂಚಿನುದ್ದಕ್ಕೂ ಗಾಳ ಎಸೆಯುತ್ತಾ ಹೋಗಲು ಎರಡನೆಯದೇ ಬೇಕು.

ಇನ್ನು ಬ್ಯಾಟರಿ ಮತ್ತು ತಂತಿ. ಬಿರುಗಾಳಿಯ ಒಂದು ಬೀಸಿಗೆ ಮೋಟಾರು ಪೂರ್ತಿ ವೇಗಕ್ಕೆ ಏರುತ್ತದೆ, ಆ ಕ್ಷಣವೇ ಜಿಪಿಎಸ್ ಲಂಗರು ಕಳಚಿ ದೋಣಿ ತೇಲತೊಡಗುತ್ತದೆ. ಬೇಕಾದ ಹೊತ್ತಿಗೇ ಕೈಕೊಟ್ಟಿತು ಎಂದು ಎಲ್ಲರೂ ಬೈಯುವ ಸಂದರ್ಭವಿದು. ನಡೆಯುವುದಿಷ್ಟು: ಕರೆಂಟು ಒಮ್ಮೆಲೇ ಏರಿದಾಗ ವೋಲ್ಟೇಜು ಕುಸಿಯುತ್ತದೆ, ಮೋಟಾರಿನ ತಲೆಯಲ್ಲಿರುವ ಕಂಪ್ಯೂಟರು ಆರಿ ಮತ್ತೆ ಶುರುವಾಗುತ್ತದೆ, ನೆನಪಿಟ್ಟ ಗುರುತು ಹೋಗುತ್ತದೆ. ಲೆಕ್ಕ ನೋಡಿ. 12 ವೋಲ್ಟಿನ, 55 ಪೌಂಡ್ ತಳ್ಳುಬಲದ ಮೋಟಾರು ಪೂರ್ತಿ ವೇಗದಲ್ಲಿ 50 ಆಂಪಿಯರಿನಷ್ಟು ಎಳೆಯುತ್ತದೆ. ಬ್ಯಾಟರಿ ಹಿಂದಿದೆ, ಮೋಟಾರು ಮುಂದಿದೆ, ನಡುವೆ 5 ಮೀಟರ್ ಎಂದರೆ ಹೋಗಿ ಬರುವ ತಂತಿ 10 ಮೀಟರ್. 6 ಚದರ ಮಿ.ಮೀ.ಯ ತಾಮ್ರದ ತಂತಿ ಹಾಕಿದ್ದರೆ ದಾರಿಯಲ್ಲೇ ಸುಮಾರು ಒಂದೂವರೆ ವೋಲ್ಟ್ ಹೋಯಿತು. 16 ಚದರ ಮಿ.ಮೀ. ಹಾಕಿದ್ದರೆ ಹೋಗುವುದು ಅರ್ಧ ವೋಲ್ಟಿನ ಆಸುಪಾಸು. ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ದೋಣಿಯನ್ನು ದಂಡೆಗೆ ಭದ್ರವಾಗಿ ಕಟ್ಟಿ, ಮೋಟಾರನ್ನು ನೀರಿನಲ್ಲಿ ಪೂರ್ತಿ ವೇಗದಲ್ಲಿ ಓಡಿಸಿ, ಬ್ಯಾಟರಿಯ ಟರ್ಮಿನಲಿನಲ್ಲೂ ಮೋಟಾರಿನ ಪ್ಲಗ್‌ನಲ್ಲೂ ಅಳೆಯಿರಿ. ವ್ಯತ್ಯಾಸ ಮುಕ್ಕಾಲು ವೋಲ್ಟು ದಾಟಿದರೆ ತಂತಿ, ಪ್ಲಗ್, ಬ್ರೇಕರ್, ಲಗ್ (ತಂತಿಯ ತುದಿಯ ಲೋಹದ ಬಳೆ) ಇವುಗಳಲ್ಲಿ ಒಂದು ತಪ್ಪಿದೆ. ಮುಟ್ಟಿ ನೋಡಿ, ಬಿಸಿಯಾಗಿರುವುದೇ ತಪ್ಪಿತಸ್ಥ. ವ್ಯತ್ಯಾಸ ಕಡಿಮೆಯಿದ್ದು ಬ್ಯಾಟರಿಯಲ್ಲೇ ವೋಲ್ಟೇಜು ಬಿದ್ದಿದ್ದರೆ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಚಾರ್ಜಾಗಿಲ್ಲ.

ಟರ್ಮಿನಲಿನ ಮೇಲೆ ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ಇದ್ದರೆ ಮೊದಲು ಅದನ್ನು ತೆಗೆದು ಷಡ್ಭುಜ ನಟ್ಟು, ಸ್ಪ್ರಿಂಗ್ ವಾಷರ್ ಹಾಕಿ. ಅಲೆಯ ಕುಲುಕಾಟಕ್ಕೆ ರೆಕ್ಕೆ ನಟ್ಟು ಸಡಿಲಗೊಂಡು, ಬಿಸಿಯೇರಿ ಟರ್ಮಿನಲನ್ನೇ ಕರಗಿಸುವುದುಂಟು. ಈ ಅಳತೆಯ ಮೋಟಾರಿಗೆ 60 ಆಂಪಿಯರಿನ ಸರ್ಕ್ಯೂಟ್ ಬ್ರೇಕರ್ ಬೇಕೇ ಬೇಕು. ಅದು ಪಾಸಿಟಿವ್ ತಂತಿಯಲ್ಲಿ, ಬ್ಯಾಟರಿಗೆ ಎಷ್ಟು ಹತ್ತಿರವಾದರೆ ಅಷ್ಟು ಹತ್ತಿರ ಇರಲಿ. ಮೋಟಾರಿನ ಹತ್ತಿರವಿಟ್ಟರೆ ನಡುವಿನ 5 ಮೀಟರ್ ತಂತಿ ಎಲ್ಲಾದರೂ ಉಜ್ಜಿ ತಾಗಿದಾಗ ಅದಕ್ಕೆ ರಕ್ಷಣೆಯಿಲ್ಲ. 24 ವೋಲ್ಟಿಗೆ ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸುವಾಗ ಎರಡೂ ಒಂದೇ ಜಾತಿ, ಒಂದೇ ಸಾಮರ್ಥ್ಯ, ಒಂದೇ ವಯಸ್ಸಿನವಾಗಿರಲಿ. ಅವುಗಳಲ್ಲಿ ಒಂದರಿಂದ ಫಿಶ್ ಫೈಂಡರಿಗೆ (ನೀರಿನಡಿಯ ಮೀನು ತೋರಿಸುವ ಯಂತ್ರಕ್ಕೆ) 12 ವೋಲ್ಟ್ ಕದಿಯಬೇಡಿ. ಆ ಬ್ಯಾಟರಿ ಬೇಗ ಸೊರಗುತ್ತದೆ, ಮೋಟಾರಿನ ವಿದ್ಯುತ್ ಗದ್ದಲ ಫಿಶ್ ಫೈಂಡರಿನ ಪರದೆಯ ಮೇಲೆ ಮಳೆಯ ಗೆರೆಯಂತೆ ಕಾಣಿಸಿಕೊಳ್ಳುತ್ತದೆ.

ಸೀಸ-ಆಮ್ಲದ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ನಿಮ್ಮದೆಂದು ಎಣಿಸಿ. ಅದಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದರ ಆಯುಷ್ಯ ಕುಗ್ಗುತ್ತದೆ. ಪೂರ್ತಿ ವೇಗದಲ್ಲಿ ಆ ಅರ್ಧ ಒಂದು ಗಂಟೆಯೂ ಬಾರದು. ಹಗುರ ಗಾಳಿಯಲ್ಲಿ ಸರಾಸರಿ 7–8 ಆಂಪಿಯರ್ ಎಳೆಯುತ್ತಾ ನಿಂತರೆ ಆರು ಗಂಟೆ ಬರುತ್ತದೆ. ವಿಶ್ರಾಂತಿಯಲ್ಲಿ 12.7 ವೋಲ್ಟ್ ಎಂದರೆ ತುಂಬಿದೆ, 12.2ಕ್ಕೆ ಬಂದರೆ ಮನೆಗೆ ಹೊರಡುವ ಹೊತ್ತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಹೆಚ್ಚು ಹೊತ್ತು ಬರುತ್ತದೆ, ಆದರೆ ಕೊನೆಯವರೆಗೂ 13 ವೋಲ್ಟಿನ ಹತ್ತಿರವೇ ನಿಂತಿದ್ದು ಒಮ್ಮೆಲೇ ಕತ್ತರಿಸುತ್ತದೆ. ಅದಕ್ಕೆ ವೋಲ್ಟ್ ನೋಡಿ ಪ್ರಯೋಜನವಿಲ್ಲ, ಬಳಸಿದ ಆಂಪಿಯರ್ ಎಣಿಸುವ ಮೀಟರು ಬೇಕು. ಅದನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಸೀಸದ ಬ್ಯಾಟರಿಗೆಂದು ಮಾಡಿದ ಮೋಟಾರಿಗೆ ಲಿಥಿಯಂ ಹಾಕಿದರೆ ದೀರ್ಘಕಾಲ 85 ಶೇಕಡಾ ವೇಗ ಮೀರಬೇಡಿ ಎಂದು ಮಿನ್ ಕೋಟಾ ಕಂಪನಿಯೇ ಎಚ್ಚರಿಸುತ್ತದೆ. ಲಿಥಿಯಂನ ವೋಲ್ಟೇಜು ಇಳಿಯದ ಕಾರಣ ಮೋಟಾರಿಗೆ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ.

ದೊಡ್ಡ ಮೋಟಾರೇ ಕೊಳ್ಳಿ ಎಂಬ ಸಲಹೆಯನ್ನು ಪೂರ್ತಿ ಒಪ್ಪಲಾಗದು. ಜನ, ಇಂಧನ, ಸಾಮಾನು ಸೇರಿದ ತೂಕದ ನೂರಕ್ಕೆ ಎರಡರಷ್ಟು ತಳ್ಳುಬಲ ಎಂಬುದು ವಾಡಿಕೆಯ ಲೆಕ್ಕ. 900 ಕೆ.ಜಿ.ಗೆ 18 ಕೆ.ಜಿ., ಅಂದರೆ 40 ಪೌಂಡ್; ಗಾಳಿಗೆ ಮೀಸಲು ಸೇರಿಸಿದರೆ 55 ಆಯಿತು. ಅದಕ್ಕಿಂತ ಮುಖ್ಯ ಪ್ರೊಪೆಲ್ಲರನ್ನು ನೀರಿಗಿಳಿಸುವ ದಂಡದ ಉದ್ದ. ಪ್ರೊಪೆಲ್ಲರ್ ಸುಮಾರು 30 ಸೆ.ಮೀ. ಮುಳುಗಿರಬೇಕು, ಅಲೆಯೇಳುವ ನೀರಾದರೆ ಇನ್ನೊಂದು 12–15 ಸೆ.ಮೀ. ದಂಡ ಗಿಡ್ಡವಾದರೆ ಮೂತಿ ಎದ್ದಾಗಲೆಲ್ಲ ಪ್ರೊಪೆಲ್ಲರ್ ಗಾಳಿ ಕಡೆಯುತ್ತದೆ. ಆಗ 112 ಪೌಂಡ್ ಇದ್ದರೂ ಅಷ್ಟೇ.

ಗಾಳದ ದಾರ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಳ್ಳುವುದನ್ನು ಯಾರೂ ಗಮನಿಸುವುದಿಲ್ಲ. ನಟ್ಟು ಬಿಚ್ಚಿ, ಪಿನ್ ತೆಗೆದು, ಪ್ರೊಪೆಲ್ಲರ್ ಎಳೆದು ಆಗಾಗ ನೋಡಬೇಕು. ದಾರ ಒಳಗೆ ಸೇರಿ ಸೀಲ್ ಕತ್ತರಿಸಿದರೆ ನೀರು ಮೋಟಾರಿನೊಳಗೆ ಇಳಿಯುತ್ತದೆ, ಆಮೇಲಿನದು ದೊಡ್ಡ ರಿಪೇರಿ.

ಕೊನೆಗೆ ಅಪಾಯದ ವಿಚಾರ. ಲೇಖನ ಇದನ್ನು ಮುಟ್ಟಲೇ ಇಲ್ಲ, ನನಗೆ ಕಳವಳವಾದದ್ದು ಇದಕ್ಕೇ. ಲಂಗರು ಹಾಕಿ ನಿಂತ ಮೋಟಾರಿನ ಪ್ರೊಪೆಲ್ಲರ್ ಸುಮ್ಮನಿದೆ ಎಂದರೆ ಆರಿದೆ ಎಂದಲ್ಲ. ಯಾವ ಕ್ಷಣದಲ್ಲೂ ತಿರುಗೀತು. ಮೂತಿಯ ಬಳಿ ಮೀನು ಬಲೆಗೆ ಎತ್ತುವಾಗ, ಜೊಂಡು ಬಿಡಿಸುವಾಗ ಮೊದಲು ಗುಂಡಿಯಿಂದ ಆರಿಸಿ, ಆಮೇಲೆ ಪ್ಲಗ್ ಎಳೆಯಿರಿ. ಜೇಬಿನಲ್ಲಿಟ್ಟ ರಿಮೋಟು ಒತ್ತಿಹೋಗಿ ಮೇಲೆತ್ತಿಟ್ಟ ಪ್ರೊಪೆಲ್ಲರ್ ಕಾಲ ಬಳಿಯೇ ತಿರುಗಬಹುದು, ಆದ್ದರಿಂದ ಎತ್ತಿಟ್ಟ ಮೇಲೂ ಪ್ಲಗ್ ತೆಗೆಯಬೇಕು. ಒಬ್ಬರೇ ಹೋದವರು ನೀರಿಗೆ ಬಿದ್ದರೆ, ತಾನಾಗಿ ಸಾಗುವಂತೆ ಬಿಟ್ಟ ದೋಣಿ ಅವರನ್ನು ಬಿಟ್ಟು ಹೋಗುತ್ತದೆ. ಜೀವರಕ್ಷಕ ಜಾಕೆಟ್ ತೊಟ್ಟಿರಲಿ. ನೀರು ತಡೆಯುವ ರಿಮೋಟಾದರೆ ಅದನ್ನು ದೋಣಿಯ ಬದಿಗೆ ಕಟ್ಟದೆ ಕೊರಳಿಗೇ ಹಾಕಿಕೊಳ್ಳಲಿ.

ಮುಂದೆ ಇಂಥ ಮೋಟಾರಿನ ಪರಿಚಯ ಪ್ರಕಟಿಸುವಾಗ, ಎಷ್ಟು ಅಡಿಯೊಳಗೆ ನಿಂತಿತು ಎಂಬ ಸಂಖ್ಯೆಯ ಪಕ್ಕದಲ್ಲಿ ಆಗ ಬೀಸುತ್ತಿದ್ದ ಗಾಳಿಯ ವೇಗ, ಹಾಕಿದ್ದ ತಂತಿಯ ದಪ್ಪ, ಪೂರ್ತಿ ವೇಗದಲ್ಲಿ ಪ್ಲಗ್‌ನಲ್ಲಿ ಸಿಕ್ಕ ವೋಲ್ಟ್ ಈ ಮೂರನ್ನೂ ದಯವಿಟ್ಟು ಅಚ್ಚು ಹಾಕಿಸಿ.

ಇತಿ,
ನಿಮ್ಮ ಓದುಗ