ಪಾಲಿಕೆ ಐದಾಯ್ತು, ಕಾರ್ಪೊರೇಟರ್ ಎಲ್ಲಿ?

ಮಾನ್ಯ ಸಂಪಾದಕರೇ,

ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೂ 2025ರ ನವೆಂಬರ್ 29ರಂದು ಒಬ್ಬರ ಮನೆಯಲ್ಲಿ, ಡಿಸೆಂಬರ್ 2ರಂದು ಇನ್ನೊಬ್ಬರ ಮನೆಯಲ್ಲಿ ಒಟ್ಟಿಗೆ ತಿಂಡಿ ತಿಂದರು. ಒಂದು ದಿನ ಇಡ್ಲಿ, ಉಪ್ಪಿಟ್ಟು. ಇನ್ನೊಂದು ದಿನ ನಾಟಿ ಕೋಳಿ ಸಾರು. ಟಿವಿಯವರು ಒಂದು ತಟ್ಟೆಯನ್ನೂ ಬಿಡದೆ ತೋರಿಸಿದರು. ಮುಖ್ಯಮಂತ್ರಿ ಕುರ್ಚಿ ಯಾರಿಗೆ ಅನ್ನೋ ಲೆಕ್ಕಾಚಾರ ಬೇಕಾದಷ್ಟು ನಡೆಯಿತು. ಆದರೆ ಬೆಂಗಳೂರಿನ ಐದೂ ಪಾಲಿಕೆಗಳ ಮೇಲಿರೋ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರು, ಉಪಾಧ್ಯಕ್ಷರು ಇದೇ ಇಬ್ಬರು ಅನ್ನೋದು ಯಾರಿಗೂ ನೆನಪಾದ ಹಾಗೆ ಕಾಣಲಿಲ್ಲ. "ಸಾರ್, ಪಾಲಿಕೆ ಚುನಾವಣೆ ಯಾವತ್ತು?" ಅಂತ ಒಬ್ಬರಾದರೂ ಕೇಳಿದ್ದು ನನ್ನ ಕಿವಿಗಂತೂ ಬೀಳಲಿಲ್ಲ.

ಬೆಂಗಳೂರಿನವರು ಕಾರ್ಪೊರೇಟರಿಗೆ ಕೊನೆಯ ಸಲ ಓಟು ಹಾಕಿದ್ದು 2015ರ ಆಗಸ್ಟಿನಲ್ಲಿ. ಆ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಇಲ್ಲಿವರೆಗೆ ಅಧಿಕಾರಿಗಳದ್ದೇ ಕಾರುಬಾರು. ನಮ್ಮ ಪಕ್ಕದ ಮನೆ ಹುಡುಗನಿಗೆ ಈಗ 27 ವರ್ಷ. ಎರಡು ಸಲ ಲೋಕಸಭೆಗೆ, ಎರಡು ಸಲ ವಿಧಾನಸಭೆಗೆ ಓಟು ಹಾಕಿದ್ದಾನೆ. ತನ್ನ ಬೀದಿ ಕಸ ಎತ್ತಿಸೋ ಪಾಲಿಕೆಗೆ ಒಂದು ಸಲವೂ ಇಲ್ಲ.

ಇದರಲ್ಲಿ ಯಾವ ಪಕ್ಷವೂ ಸಾಚಾ ಅಲ್ಲ. ಹಿಂದೆ 2006ರ ಕೊನೆಗೆ ಹಳೇ ಮಹಾನಗರ ಪಾಲಿಕೆಯ ಅವಧಿ ಮುಗಿದಾಗಲೂ ಹೀಗೇ ಆಯಿತು. ಸುತ್ತಲಿನ ನಗರಸಭೆಗಳನ್ನು, ನೂರಕ್ಕೂ ಜಾಸ್ತಿ ಹಳ್ಳಿಗಳನ್ನು ಸೇರಿಸಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಚುನಾವಣೆ ಬಂದಿದ್ದು 2010ರಲ್ಲಿ. ಆಮೇಲೆ 2020. ಬಿಜೆಪಿ ಸರ್ಕಾರ 198 ವಾರ್ಡ್ ಸಾಲದು, 243 ಬೇಕು ಅಂದಿತು. ಇರೋ 198ಕ್ಕೇ ಬೇಗ ಚುನಾವಣೆ ಮಾಡಿ ಅಂತ ಆ ಡಿಸೆಂಬರಿನಲ್ಲೇ ಹೈಕೋರ್ಟ್ ಹೇಳಿತು. ಸರ್ಕಾರ ದಿಲ್ಲಿಗೆ ಓಡಿ ಸುಪ್ರೀಂ ಕೋರ್ಟಿನಿಂದ ತಡೆ ತಂದಿತು. 2023ರಲ್ಲಿ ಕಾಂಗ್ರೆಸ್ ಬಂತು, 243 ಹೋಗಿ 225 ಆಯಿತು. 2025ರ ಸೆಪ್ಟೆಂಬರ್ 2ಕ್ಕೆ ಊರು ಐದು ಪಾಲಿಕೆಯಾಗಿ ಒಡೆಯಿತು, ಈಗ 369 ವಾರ್ಡ್. ಬೌಂಡರಿ ಹಗ್ಗವನ್ನು ಅತ್ತ ಎಳೆದು ಇತ್ತ ಎಳೆದು ಐದು ವರ್ಷ ಕಳೆದರು. ಟಾಸ್ ಮಾತ್ರ ಇನ್ನೂ ಹಾಕಿಲ್ಲ.

ಐದು ಪಾಲಿಕೆ ಮಾಡಿದ್ದೇ ತಪ್ಪು ಅಂತ ನನ್ನ ವಾದ ಅಲ್ಲ. ಒಂದು ಕೋಟಿ ದಾಟಿದ ಊರನ್ನು ಒಂದೇ ಆಫೀಸಿನಿಂದ ನೋಡಿಕೊಳ್ಳೋದು ಕಷ್ಟವೇ. ಆದರೆ ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯೋ ಮೊದಲೇ ಮುಂದಿನ ಚುನಾವಣೆ ಮುಗಿಸಬೇಕು ಅಂತ ಸಂವಿಧಾನವೇ ಹೇಳುತ್ತೆ. 1993ರಿಂದ ಜಾರಿಯಲ್ಲಿರೋ ಮಾತು. ಗಡಿ ಗೀಚೋ ಕೆಲಸ ಇನ್ನೂ ಮುಗಿದಿಲ್ಲ ಅನ್ನೋ ನೆಪವನ್ನು ಪ್ರತಿ ಸರ್ಕಾರವೂ ಹೇಳಿದರೆ ಆ ಮಾತಿಗೆ ಏನು ಬೆಲೆ? ಹಳ್ಳಿ ಕಡೆಯೂ ಇದೇ ಕಥೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ.

ಕಾರ್ಪೊರೇಟರ್ ಇಲ್ಲದಿದ್ದರೆ ಏನು ನಷ್ಟ, ಕೆಲಸ ನಡೀತಿದೆಯಲ್ಲ ಅನ್ನೋರು ನನ್ನ ಪರಿಚಯದವರಲ್ಲೇ ಇದ್ದಾರೆ. ಅವರಿಗೆ ನಮ್ಮ ರಸ್ತೆಯ ಮೋರಿ ತೋರಿಸಬೇಕು. ಮೇಲಿನ ಚಪ್ಪಡಿ ಕಲ್ಲು ಮುರಿದು ಮಳೆಗಾಲ ಪೂರ್ತಿ ಬಾಯಿ ತೆರೆದುಕೊಂಡಿತ್ತು. ಶಾಲೆ ಮಕ್ಕಳು ಓಡಾಡೋ ಜಾಗ. ದೂರು ಕೊಟ್ಟೆವು. ಎರಡೇ ದಿನಕ್ಕೆ ಮೊಬೈಲಿಗೆ ಮೆಸೇಜ್ ಬಂತು, "ನಿಮ್ಮ ದೂರು ಪರಿಹರಿಸಲಾಗಿದೆ". ಹೋಗಿ ನೋಡಿದರೆ ಕಲ್ಲು ಹಾಗೇ ಮುರಿದುಕೊಂಡಿದೆ. ಆಫೀಸಿಗೆ ಹೋದರೆ ಅಲ್ಲಿದ್ದವರು, ಆ ಸೈಡು ಈಗ ನಮಗೆ ಬರಲ್ಲಮ್ಮಾ, ಪಕ್ಕದ ವಾರ್ಡಿನವರನ್ನ ಕೇಳಿ ಅಂದರು. ಪಕ್ಕದವರು ಆರ್ಡರ್ ಬರಲಿ ಅಂದರು. ಕೊನೆಗೆ ಬೀದಿ ತುದಿಯ ಅಂಗಡಿಯವರು ಒಂದು ಹಳೇ ಟೇಬಲ್ ತಂದು ಅಡ್ಡ ಇಟ್ಟರು. ಅದು ಇನ್ನೂ ಅಲ್ಲೇ ಇದೆ.

ಹಿಂದಿನ ಕಾರ್ಪೊರೇಟರ್ ಏನು ದೇವರಲ್ಲ. ಅವರ ಕಾಲದಲ್ಲಿ ಹಾಕಿದ ಟಾರು ಒಂದು ಮಳೆಗೂ ತಡೀತಿರಲಿಲ್ಲ. ಆದರೆ ಬೆಳಗ್ಗೆ ಹಾಲಿನ ಬೂತ್ ಹತ್ತಿರ ಸಿಗೋರು. ನಾಲ್ಕು ಜನ ಸೇರಿ ನಿಲ್ಲಿಸಿ ಬೈಯಬಹುದಿತ್ತು. ಬೈಸಿಕೊಂಡ ವಾರದಲ್ಲಿ ಏನೋ ಒಂದು ಕೆಲಸ ಆಗೋದು, ಮುಂದಿನ ಸಲ ಓಟು ಕೇಳಬೇಕಿತ್ತಲ್ಲ! ವರ್ಗಾವಣೆಯಾಗಿ ಹೋಗೋ ಅಧಿಕಾರಿಗೆ ಆ ಭಯ ಎಲ್ಲಿಂದ ಬರಬೇಕು? ಶಾಸಕರ ಹತ್ತಿರ ಹೋಗಿ ಅಂತೀರಾ? ವಿಧಾನಸೌಧದಲ್ಲಿ ಕಾನೂನು ಮಾಡಬೇಕಾದವರು ಮೋರಿ ಕಲ್ಲು, ಬೀದಿ ದೀಪ ನೋಡುತ್ತಾ ಕೂತರೆ ಎರಡೂ ಕೆಡುತ್ತೆ.

ದುಡ್ಡಿನ ವಿಷಯವಂತೂ ಇನ್ನೂ ವಿಚಿತ್ರ. 2025-26ರ ಬಿಬಿಎಂಪಿ ಬಜೆಟ್ ಸುಮಾರು 19,900 ಕೋಟಿ ರೂಪಾಯಿ. ಮಂಡಿಸಿದ್ದು ಅಧಿಕಾರಿಗಳು. ಎದ್ದು ನಿಂತು "ನಮ್ಮ ವಾರ್ಡಿಗೆ ಏನು?" ಅಂತ ಜಗಳ ಮಾಡೋಕೆ ಒಬ್ಬ ಸದಸ್ಯನೂ ಇರಲಿಲ್ಲ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸಕ್ಕೂ ಶುಲ್ಕ ಕಟ್ಟುತ್ತಿದ್ದೇವೆ. ಅದಕ್ಕೂ ನಮ್ಮನ್ನು ಕೇಳಿದವರಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಬೇಕೋ ಬೇಡವೋ ಅನ್ನೋ ಚರ್ಚೆಯೂ ಕೌನ್ಸಿಲ್ ಬಿಟ್ಟು ಮಿಕ್ಕೆಲ್ಲ ಕಡೆ ನಡೀತಿದೆ. ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲ್ಲ ಅಂತ ಉಪಮುಖ್ಯಮಂತ್ರಿಗಳು ಇದೇ ಸಂದರ್ಭದಲ್ಲಿ ಹೇಳಿದ್ದರು. ನನ್ನ ತಂಗಿ ಮಗ ಕಾರು ತಗೊಂಡು ಮೂರು ವರ್ಷ ಆಯ್ತು. ಅದನ್ನು ನಿಲ್ಲಿಸೋಕೆ ಜಾಗ ಸಿಕ್ಕಿಲ್ಲ, ಹೆಣ್ಣೂ ಸಿಕ್ಕಿಲ್ಲ.

2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಮಾರನೇ ದಿನ. ಮೇಯರ್ ಇದ್ದಿದ್ದರೆ ಅದು ತಪ್ಪುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಮಾಡಿದವರೆಲ್ಲ ರಾಜ್ಯ ಸರ್ಕಾರದವರು. ಊರಿನ ಪರವಾಗಿ "ಇವತ್ತೇ ಯಾಕೆ, ಎರಡು ದಿನ ಬಿಟ್ಟು ಮಾಡೋಣ" ಅನ್ನೋಕೆ ಒಬ್ಬ ಚುನಾಯಿತ ಪ್ರತಿನಿಧಿ ಇರಲಿಲ್ಲ. ಆಮೇಲೆ ಮಹಿಳಾ ವಿಶ್ವಕಪ್ ಪಂದ್ಯಗಳೂ ನಮ್ಮ ಕೈತಪ್ಪಿ ನವಿ ಮುಂಬೈಗೆ ಹೋದವು. ನಮ್ಮ ಹುಡುಗಿಯರು ಅಲ್ಲೇ ಕಪ್ ಎತ್ತಿದರು. ನಾವು ಟಿವಿ ಮುಂದೆ ಕೂತು ಚಪ್ಪಾಳೆ ಹೊಡೆದೆವು.

ಅದೇ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ 2025ರ ಡಿಸೆಂಬರ್ 7ಕ್ಕೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಚುನಾವಣೆ ಆಯಿತು. ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾದರು. ಅಲ್ಲೂ ತಕರಾರಿತ್ತು, ಕೋರ್ಟಿಗೂ ಹೋಗಿ ಬಂದರು, ಆದರೂ ಮುಗಿಸಿದರು. ಸಂತೋಷ. ಐಪಿಎಲ್ ಬೆಂಗಳೂರು ಬಿಟ್ಟು ಹೋಗೋಕೆ ಬಿಡಲ್ಲ ಅಂತ ಉಪಮುಖ್ಯಮಂತ್ರಿಗಳು ಅವತ್ತು ಭರವಸೆ ಕೊಟ್ಟರು. ಕಾರ್ಪೊರೇಟರ್ ಚುನಾವಣೆಗೂ ಅಷ್ಟೇ ಗಟ್ಟಿ ಧ್ವನಿಯಲ್ಲಿ ಒಂದು ತಾರೀಕು ಹೇಳಬಹುದಿತ್ತು, ಅಲ್ವಾ?

ಚುನಾವಣೆ ಆದ ಕೂಡಲೇ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. 2015ರಲ್ಲಿ 198 ವಾರ್ಡ್‌ಗಳಲ್ಲಿ ಬಿಜೆಪಿ 100 ಗೆದ್ದಿತ್ತು. ಆದರೂ ಶಾಸಕರು, ಸಂಸದರು, ಮೇಲ್ಮನೆ ಸದಸ್ಯರ ಓಟು ಸೇರಿಸಿಕೊಂಡು ಕಾಂಗ್ರೆಸ್, ಜೆಡಿಎಸ್ ಮೇಯರ್ ಸ್ಥಾನ ಹಿಡಿದವು. ನಾವು ಹಾಕಿದ ಓಟಿನ ಮೇಲೆ ಇನ್ನೊಂದು ಓಟು ಬಿತ್ತು. ಹೊಸ ಪಾಲಿಕೆಗಳಲ್ಲಿ ಹಾಗಾಗದಂತೆ ನೋಡಿಕೊಳ್ಳಬೇಕಾದ್ದೂ ಇದೆ.

ಸಂಪಾದಕರೇ, ನಿಮ್ಮಿಂದ ಎರಡು ಕೆಲಸ ಆಗಬೇಕು. ಐದೂ ಪಾಲಿಕೆಗಳ ವಾರ್ಡ್ ನಕ್ಷೆಯನ್ನು ದಿನಕ್ಕೊಂದಷ್ಟು ಹಾಕಿ. ಯಾವ ರಸ್ತೆ ಯಾವ ವಾರ್ಡಿಗೆ, ಎಂಜಿನಿಯರ್ ಆಫೀಸು ಎಲ್ಲಿ ಅನ್ನೋದು ಓದುಗರಿಗೆ ಗೊತ್ತಾಗಲಿ. ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ತಾವು ಯಾವ ಪಾಲಿಕೆ ಅನ್ನೋದೇ ಗೊತ್ತಿಲ್ಲ. ಮತ್ತೆ, ಬೆಂಗಳೂರಿನ 28 ಶಾಸಕರಿಗೂ ನಿಮ್ಮ ವರದಿಗಾರರು ಒಂದೇ ಪ್ರಶ್ನೆ ಕೇಳಲಿ: ಪಾಲಿಕೆ ಚುನಾವಣೆ ಬೇಗ ಆಗಬೇಕು ಅಂತ ನೀವು ಸದನದಲ್ಲಿ ಯಾವತ್ತಾದರೂ ಎದ್ದು ನಿಂತು ಕೇಳಿದ್ದೀರಾ? ಉತ್ತರಗಳನ್ನು ಹೆಸರು, ಪಕ್ಷದ ಸಮೇತ ಮುದ್ರಿಸಿ. ಫೋನ್ ಎತ್ತದವರ ಹೆಸರೂ ಇರಲಿ.

ಇಂತಿ,
ಒಬ್ಬ ಓದುಗಳು, ಬೆಂಗಳೂರು