ನೀರ್ಚಾಲಿಗೆ ಬಂದು ಹೋದ ಅಕ್ಕನಿಗೆ ಥ್ಯಾಂಕ್ಸ್

ನಮ್ಮ ಮನೆಯ ವೈಫೈ ಸರಿಮಾಡಿಕೊಟ್ಟ ಅಕ್ಕಾ, ಹೆಸರು ಕೇಳುವ ಮೊದಲೇ ನೀವು ಕುಂಬಳೆ ಬಸ್ಸು ಹತ್ತಿಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಂಗಳದಲ್ಲಿ ಒಣಗುವ ಅಡಿಕೆ ನೋಡಿಕೊಳ್ಳಲು ಹಾಕಿದ ಕ್ಯಾಮೆರಾ ಮನೆಯೊಳಗೆ ಚೆನ್ನಾಗಿ ಕಾಣುತ್ತಿತ್ತು, ಹೊರಗಿನಿಂದ ಮಾತ್ರ ಇಲ್ಲ. ಹೊರಗಿನಿಂದ ಬಂದದ್ದನ್ನು ಒಳಗಿನ ಸಾಧನಕ್ಕೆ ಕಳಿಸುವ ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಸರಿಯಾಗಿಯೇ ಇತ್ತು. ನೀವು ರೂಟರಿನ ಸ್ಟೇಟಸ್ ಪುಟ ತೆರೆದು ವ್ಯಾನ್ (WAN) ವಿಳಾಸದ ಮೇಲೆ, ಅಂದರೆ ರೂಟರಿಗೆ ಹೊರಗಿನ ಕಡೆಯಿಂದ ಸಿಕ್ಕಿದ ವಿಳಾಸದ ಮೇಲೆ, ಬೆರಳಿಟ್ಟಿರಿ. 100.72 ಅಂತ ಶುರುವಾಗಿತ್ತು. 100.64ರಿಂದ 100.127ರವರೆಗಿನ ವಿಳಾಸ ಅಲ್ಲಿ ಕಂಡರೆ ಇಂಟರ್ನೆಟ್ ಕಂಪನಿಯ ಕಡೆಯಲ್ಲೇ ಇನ್ನೊಂದು ನ್ಯಾಟ್ (ಒಂದೇ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ಇದೆ ಎಂದರ್ಥ. ಹೊರಗಿನ ಕರೆ ಅಲ್ಲೇ ನಿಲ್ಲುತ್ತದೆ, ನಮ್ಮ ರೂಟರಿನ ತನಕ ಬರುವುದೇ ಇಲ್ಲ. ಅಪ್ಪನಿಗೂ ಅರ್ಥವಾಗುವ ಹಾಗೆ ಹೇಳಿದಿರಿ!

ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪಬಹುದಾದ ವಿಳಾಸ, ಕೊಡಿ ಎಂದು ಕಂಪನಿಗೆ ಫೋನ್ ಮಾಡಿದ್ದೂ ನೀವೇ. ಅದು ಸಿಕ್ಕಿದ ಮೇಲೆ ಹಳೇ ಲ್ಯಾಪ್‌ಟಾಪಿನಲ್ಲಿ ವೈರ್‌ಗಾರ್ಡ್ (ಕೀಲಿ ಇದ್ದವರು ಮಾತ್ರ ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಗುಪ್ತ ದಾರಿ) ಹಾಕಿ, ಆ ಲ್ಯಾಪ್‌ಟಾಪಿಗೆ ಮನೆಯೊಳಗಿನ ವಿಳಾಸ 192.168.1.50 ಅಂತ ಕಾಯಂ ಮಾಡಿದಿರಿ. ವಿಳಾಸ ಬದಲಾದರೆ ಫಾರ್ವರ್ಡಿಂಗ್ ದಾರಿ ತಪ್ಪುತ್ತದೆ ಅಲ್ವಾ. ಹೊರಗೆ ತೆರೆದದ್ದು ವೈರ್‌ಗಾರ್ಡಿನ ಬಾಗಿಲು, 51820 ಯುಡಿಪಿ ಪೋರ್ಟ್ ಒಂದೇ. ಕ್ಯಾಮೆರಾವನ್ನು ಸುಮ್ನೆ ಊರಿಗೆಲ್ಲ ತೆರೆದಿಡಬಾರದು ಎಂದ ನಿಮ್ಮ ಆ ಕಾಳಜಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಯಿತು.

ಈಗ ಅಣ್ಣ ಮಂಗಳೂರಿನಿಂದಲೇ ಅಂಗಳ ನೋಡುತ್ತಾನೆ. ನೀವು ದುಡ್ಡೂ ಮುಟ್ಟಲಿಲ್ಲ. ಈ ಕಡೆ ಬಂದರೆ ಊಟಕ್ಕೇ ಬನ್ನಿ.