ಎರಡು ದಿನ ತಡವಾಗಿ ಏಳುವ ತುರಿಕೆ

ಮಾನ್ಯ ಸಂಪಾದಕರೇ,

ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಲ್ಲಿ ಮಳೆ ಬಿದ್ದ ತಿಂಗಳೊಳಗೆ ಮೊಣಕಾಲೆತ್ತರ ಬೆಳೆದು ನಿಲ್ಲುವ ಕಾಂಗ್ರೆಸ್ ಕಸವನ್ನು ಹತ್ತಾರು ವರ್ಷ ಬರಿಗೈಯಲ್ಲೇ ಕಿತ್ತ ನಮ್ಮ ಅಣ್ಣನವರಿಗೆ, ಮೂರು ವರ್ಷಗಳಿಂದ ಮುಖ, ಕುತ್ತಿಗೆಯ ಮೇಲೆ ತುರಿಕೆ ಏಳುತ್ತಿದೆ. ಕಸ ಕಿತ್ತದ್ದು ಸೋಮವಾರವಾದರೆ ಕಣ್ಣಿನ ರೆಪ್ಪೆ ಊದಿಕೊಳ್ಳುವುದು ಬುಧವಾರ. ನಡುವೆ ಎರಡು ದಿನ ಸರಿದುಹೋಗುವುದರಿಂದ ಇವೆರಡಕ್ಕೂ ನಂಟಿದೆಯೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಂಜಿನ ಪದಾರ್ಥವೆಂದು ಬದನೆಕಾಯಿ, ಶೇಂಗಾ ಬಿಡಿಸಿದೆವು. ಎಣ್ಣೆಗಾಯಿ ಇಲ್ಲದ ರೊಟ್ಟಿ ಅವರಿಗೆ ತುರಿಕೆಗಿಂತ ದೊಡ್ಡ ಶಿಕ್ಷೆಯಾಗಿತ್ತು.

ಇದು ರಕ್ತ ಕೆಟ್ಟು ಬಂದ ರೋಗವಲ್ಲ, ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಅತಿಯಾಗಿ ಕೆರಳಿದ್ದರ ಫಲ ಎಂದು ಚರ್ಮರೋಗ ತಜ್ಞರು ತಿಳಿಸಿದರು. ಇಂಥ ಅತಿಸಂವೇದನೆಯನ್ನು ಜೆಲ್ ಮತ್ತು ಕೂಂಬ್ಸ್ ಎಂಬ ವಿಜ್ಞಾನಿಗಳು 1963ರಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿದರು. ಅಲರ್ಜಿ ಎಂದರೆ ನಮಗೆ ಗೊತ್ತಿರುವುದು ಮೊದಲನೆಯದು: ಐಜಿಇ ಎಂಬ ಪ್ರತಿಕಾಯಗಳು (ಹೊರವಸ್ತುವನ್ನು ಗುರುತಿಸಿ ಅಂಟಿಕೊಳ್ಳುವ ರಕ್ತದ ಪ್ರೋಟೀನುಗಳು) ಕೆರಳಿಸಿದ, ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಊತ, ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸಿ, ಪೆನಿಸಿಲಿನ್ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿಸಬಲ್ಲ ಬಗೆ. ಹೊಂದದ ರಕ್ತ ಕೊಟ್ಟಾಗ ಆಗುವ ಹಾನಿ ಎರಡನೆಯದಕ್ಕೂ, ಹೊರವಸ್ತುವಿಗೆ ಅಂಟಿಕೊಂಡ ಪ್ರತಿಕಾಯಗಳ ಗಂಟುಗಳು ಮೂತ್ರಪಿಂಡ, ಕೀಲುಗಳಲ್ಲಿ ತಂಗಿ ಮಾಡುವ ಹಾನಿ ಮೂರನೆಯದಕ್ಕೂ ಸೇರುತ್ತವೆ. ಅಣ್ಣನವರದು ನಾಲ್ಕನೆಯದು; ಅದರಲ್ಲಿ ಪ್ರತಿಕಾಯಗಳ ಪಾತ್ರವಿಲ್ಲ. ಕಾಂಗ್ರೆಸ್ ಕಸದ ರೋಮಗಳಲ್ಲಿ, ಒಣಗಿ ಗಾಳಿಗೆ ತೂರುವ ಪುಡಿಯಲ್ಲಿ ಇರುವ ಪಾರ್ಥೆನಿನ್ ಎಂಬ ರಾಸಾಯನಿಕವನ್ನು ಒಮ್ಮೆ ಗುರುತು ಹಿಡಿದ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣಗಳು), ಮತ್ತೆ ಅದು ತಗುಲಿದಾಗ ಜಮಾಯಿಸಿ ಉರಿಯೂತ ಎಬ್ಬಿಸಲು ಒಂದೆರಡು ದಿನ ಹಿಡಿಯುತ್ತದೆ. ನಮ್ಮನ್ನು ದಾರಿ ತಪ್ಪಿಸಿದ್ದು ಈ ವಿಳಂಬವೇ.

ಅಷ್ಟರೊಳಗೆ ಅಣ್ಣನವರು ಔಷಧ ಅಂಗಡಿಯಲ್ಲಿ ಬಾಯಿಮಾತಿಗೆ ಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿ, ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿತ್ತು. ಅನುಮಾನದ ವಸ್ತು ಲೇಪಿಸಿದ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ 48 ಗಂಟೆಗಳ ನಂತರ ನೋಡುವ ಪ್ಯಾಚ್ ಪರೀಕ್ಷೆಯಿಂದ ಕಾರಣ ಖಚಿತವಾಯಿತಾದರೂ, ಅದಕ್ಕಾಗಿ ಅವರನ್ನು ಹುಬ್ಬಳ್ಳಿಯವರೆಗೆ ಕರೆದೊಯ್ಯಬೇಕಾಯಿತು.

ಕಾಲುವೆ ದಂಡೆಯ ಈ ಕಸವನ್ನು ಹೂ ಬಿಡುವ ಮೊದಲೇ ತೆಗೆಸಬೇಕು. ಆ ಕೆಲಸಕ್ಕೆ ಬರುವ ಕೂಲಿಯವರಿಗೆ ಕೈಗವಸು, ತುಂಬುತೋಳಿನ ಅಂಗಿ ಒದಗಿಸಬೇಕು. ಬೇಸಾಯದವರು ತುರಿಕೆಯೆಂದು ಬಂದಾಗ ‘ಏನು ತಿಂದಿರಿ’ ಎಂಬುದರ ಜೊತೆಗೆ ‘ಮೊನ್ನೆ ಯಾವ ಹೊಲಕ್ಕೆ ಹೋಗಿದ್ದಿರಿ’ ಎಂದೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೇಳುವಂತಾಗಲಿ ಎಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ